ಬಿಳಿ ಗೌನಿಗೆ ಅವ್ವನ ಪಿನ್ನು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆ ಬೇಸಿಗೆಯಲ್ಲಂತೂ ಅದು ಅಲ್ಲಿಂದ ಇಳಿಯಲೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಮ್ಯೂನಿಕ್‌ಗೆ ಕರೆಸಿಕೊಂಡಿದ್ದೆ. ಚಳಿಗಾಲಕ್ಕೆ ತಮ್ಮನ ಮದುವೆ ನಿಶ್ಚಯವಾಗಿತ್ತು. ಅವ್ವನದು ಒಂದೇ ಹಟ: "ನಾ ಅಡಗಿಮನಿ ನೋಡ್ಕೋತೀನಿ. ಮುಂದ ನಿಮ್ಮ ಅತ್ತಿ ನಿಲ್ಲಲಿ." ಹೆತ್ತ ಮಗನ ತಲೆಯ ಮೇಲೆ ಅಕ್ಕಿಕಾಳು ಹಾಕಲೂ ಬರುವುದಿಲ್ಲವಂತೆ, ಗಂಡ ಸತ್ತವಳ ನೆರಳು ಮದುಮಕ್ಕಳ ಮೇಲೆ ಬೀಳಬಾರದಂತೆ. ಫೋನಿನಲ್ಲಿ ತಮ್ಮ, ಮನೆಯಲ್ಲಿ ನಾನು, ಇಬ್ಬರೂ ಜಗಳಾಡಿ ಸೋತಿದ್ದೆವು.

ಒಂದು ಶನಿವಾರ ಅವಳನ್ನು ಇಂಗ್ಲಿಷ್ ಗಾರ್ಡನ್‌ಗೆ ಕರೆದುಕೊಂಡು ಹೋದೆ. ಇನ್ನೂರು ವರ್ಷಕ್ಕೂ ಹಿಂದೆ ಇಲ್ಲಿನ ದೊರೆಯೊಬ್ಬ ಊರ ಜನಕ್ಕೆಂದು ಮಾಡಿಸಿದ್ದು ಎಂದೆ.

"ರಾಜರ ತ್ವಾಟಕ್ಕ ಟಿಕೆಟ್ ಇಲ್ಲೇನ?"

ಇಲ್ಲವೆಂದರೂ ಸ್ವಲ್ಪ ದೂರದವರೆಗೆ ಹಿಂತಿರುಗಿ ನೋಡುತ್ತಲೇ ನಡೆದಳು. ಹುಲ್ಲಿನ ಮೇಲೆ ಅರೆಬತ್ತಲೆ ಮಲಗಿದ್ದವರನ್ನು ಕಂಡು, "ಪಾಪ, ಇವರಿಗೆ ಬಿಸಲು ಅಪರೂಪ" ಎಂದು ಕನಿಕರಪಟ್ಟಳು. ತೊರೆಯ ಪಕ್ಕದ ಬೆಂಚಿನ ಮೇಲೆ ಕೂತು ಅವಲಕ್ಕಿ ಚೂಡಾ ತಿಂದೆವು. ಬಹಳ ದಿನಗಳ ಮೇಲೆ ಅವಳ ಮುಖ ಸಡಿಲವಾಗಿತ್ತು.

ಅಲ್ಲಿಂದ ಎದ್ದು, ಕಂಬಗಳ ದುಂಡು ಮಂಟಪವಿರುವ ದಿಬ್ಬ ಹತ್ತುತ್ತಿದ್ದೆವು. ಎದುರಿಗೆ ಬಿಳಿ ಗೌನಿನ ಮದುಮಗಳು ಇಳಿದು ಬಂದಳು. ಫೋಟೊ ತೆಗೆಸಿಕೊಳ್ಳಲು ಬಂದಿದ್ದರು; ಜೊತೆಗೆ ಗಂಡ, ಒಬ್ಬ ಕ್ಯಾಮೆರಾದವನು. ಅವ್ವ ಥಟ್ಟನೆ ದಾರಿ ಬಿಟ್ಟು ಮರದ ಹಿಂದೆ ಸರಿದಳು.

"ನಾ ಎದುರಿಗೆ ಬರಬಾರದವಾ."

ನನಗೆ ಸಿಟ್ಟು ನೆತ್ತಿಗೇರಿತು. "ಇಲ್ಲಿ ಯಾರಿಗೆ ಗೊತ್ತಾಗತದ? ಬಾ ಈ ಕಡೆ."

"ನನಗ ಗೊತ್ತೈತಲ್ಲ."

ಅಷ್ಟರಲ್ಲಿ ಗಂಡನ ಬೂಟು ಗೌನಿನ ಅಂಚನ್ನು ತುಳಿಯಿತು. ಚರ್ರೆಂದು ಹೊಲಿಗೆ ಬಿಟ್ಟು ಬಟ್ಟೆ ನೆಲಕ್ಕೆ ಜೋತುಬಿತ್ತು. ಹುಡುಗಿ ಅಳುವುದೊಂದು ಬಾಕಿ. ಗಂಡಸರಿಬ್ಬರೂ ಪೆದ್ದುಪೆದ್ದಾಗಿ ನಿಂತರು. ಅವ್ವ ಮರದ ಹಿಂದಿನಿಂದ ಹೋದದ್ದೇ ನನಗೆ ತಿಳಿಯಲಿಲ್ಲ. ನೋಡಿದರೆ ಮದುಮಗಳ ಕಾಲ ಬಳಿ ಮೊಣಕಾಲೂರಿ ಕೂತಿದ್ದಾಳೆ. ತಾಳಿ ಇದ್ದಾಗ ಅವಳ ಪಿನ್ನುಗಳು ಅದಕ್ಕೇ ಜೋತಾಡುತ್ತಿದ್ದವು. ಈಗ ಸೆರಗಿನ ಒಳಮಗ್ಗುಲಿಗೆ ಬಂದಿದ್ದವು. ಅವನ್ನು ಬಿಚ್ಚಿ, ಒಂದನ್ನು ತುಟಿಯಲ್ಲಿ ಕಚ್ಚಿಕೊಂಡು, ನಿರಿಗೆ ಹಿಡಿದ ಹಾಗೆ ಅಂಚನ್ನು ಮಡಿಸಿ ಒಳಗಿನಿಂದ ಚುಚ್ಚಿದಳು.

"ನೆಟ್ಟಗ ನಿಂದರ್ ತಂಗಿ," ಎಂದು ಕನ್ನಡದಲ್ಲೇ ಗದರಿದಳು. ಹುಡುಗಿ ನೆಟ್ಟಗೆ ನಿಂತಳು.

ಮುಗಿಸಿ ತಲೆಯೆತ್ತಿದಾಗಲೇ ಅವ್ವನಿಗೆ ತಾನು ಏನು ಮಾಡಿದೆ ಎಂಬ ಎಚ್ಚರ ಬಂದದ್ದು. ಮುಖ ಬಿಳಿಚಿಕೊಂಡಿತು. ಹುಡುಗಿಗೇನು ಗೊತ್ತು, ಅವ್ವನನ್ನು ಎಬ್ಬಿಸಿ ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟಳು. ಅವ್ವನ ಕೈಗಳು ಎಲ್ಲಿ ಇಳಿಯಬೇಕೆಂದು ತೋಚದೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದವು. ಆಮೇಲೆ ಮೆಲ್ಲಗೆ ಆ ಬೆನ್ನಿನ ಮೇಲೆ ಕೂತವು. ನನಗೆ ಅಳು ಬಂತು. ಬಂದರೆ ಬರಲಿ ಎಂದು ಬಿಟ್ಟೆ.

ಮಂಟಪ ನೋಡುವುದು ಅಲ್ಲಿಗೇ ನಿಂತಿತು. ಟ್ರಾಮ್ ನಿಲ್ದಾಣದಲ್ಲಿ ಅವ್ವ ಕೇಳಿದಳು, "ಆ ಹುಡುಗಿ ಚೊಲೊ ಇರ್ತಾಳಲಾ?"

"ಇರ್ತಾಳವ್ವ."

ನಾನು ಉಪದೇಶ ಶುರುಮಾಡಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡದು. ಟ್ರಾಮ್ ಹತ್ತಿ ಕೂತ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಮತ್ತೆ ಕೇಳಿದಳು.

"ಮದಿವಿ ದಿನ ನಮ್ಮ ಸೊಸಿಗೆ ಸೀರಿ ಯಾರು ಉಡಸ್ತಾರಂತ?"

"ಪಾರ್ಲರ್‌ದಾಕಿ ಬರ್ತಾಳಂತ. ಯಾಕ?"

"ಬ್ಯಾಡನ್ನು ಆಕಿಗೆ. ನಾ ಉಡಸ್ತೀನಿ."