ಅಮ್ಮ ಕುಡಿದ ಎಲೆಯ ರಸ

ಪ್ರಯೋಗಾಲಯದ ಸಹಾಯಕಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಎಲೆಯ ಸಾರ ಹಾಕಿದ ತಟ್ಟೆಯಲ್ಲಿ ಲಿವರಿನ ಜೀವಕೋಶಗಳು ಮುದುಡಿ ಸತ್ತಿದ್ದವು. ಸಾರ ಹಾಕದ ಪಕ್ಕದ ತಟ್ಟೆಯಲ್ಲಿ ಎಲ್ಲವೂ ಚೆನ್ನಾಗಿದ್ದವು.

ಆ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಅದರಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸುವುದು ಅವಳ ಕೆಲಸ. ಕಳೆದ ಬೇಸಿಗೆಯಲ್ಲಿ ಅದರ ಸಾರ ರೋಗಾಣುಗಳನ್ನು ಕೊಂದಾಗ ಖುಷಿ ತಡೆಯಲಾರದೆ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಕೇಳಿದ್ದೇ ತಡ, ಅಮ್ಮ ಹಿತ್ತಲಲ್ಲಿದ್ದ ಅದೇ ಗಿಡದ ಎಲೆ ಅರೆದು ದಿನಾ ಬೆಳಿಗ್ಗೆ ಕುಡಿಯತೊಡಗಿದರು. ಮಗಳು ಬೇಡವೆನ್ನಲಿಲ್ಲ. ರೋಗಾಣುವನ್ನು ಕೊಲ್ಲುವ ರಸ ಬೇರೇನನ್ನು ಕೊಂದೀತು ಎಂದು ಆಗಿನ್ನೂ ಯಾರೂ ಪರೀಕ್ಷಿಸಿರಲಿಲ್ಲ.

ಕಾರಿಡಾರಿಗೆ ಬಂದು ಫೋನ್ ಮಾಡಿದಳು.

“ಅಮ್ಮಾ, ಇವತ್ತು ರಸ ಕುಡಿದ್ಯಾ?”

“ನೀನು ಏಳೋ ಮೊದಲೇ ಆಯ್ತು. ಯಾಕೆ?”

“ಇನ್ಮೇಲೆ ಬೇಡ.”

“ಚೆನ್ನಾಗಿದೆ ಕಣೇ. ಒಳ್ಳೇದು ಅಂದೋಳೂ ನೀನೇ, ಬೇಡ ಅನ್ನೋಳೂ ನೀನೇ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳ್ತಾರಾ? ನಿನ್ನ ಹೆಸರು ಹೇಳಿ ಪಕ್ಕದ ಮನೆಯವಳಿಗೂ ಕೊಡ್ತಿದ್ದೀನಿ.”

ಲಿವರಿಗೆ ಪೆಟ್ಟಾದರೆ ಹಸಿವು ಕುಗ್ಗುತ್ತದೆ ಎಂಬುದು ಅವಳಿಗೆ ನೆನಪಾಯಿತು. “ಹಸಿವು ಸರಿಯಾಗಿ ಆಗ್ತಿದೆಯಾ?”

“ಈ ವಯಸ್ಸಲ್ಲಿ ಕಮ್ಮಿ ಆಗ್ದೆ ಇರುತ್ತಾ?”

ತಟ್ಟೆಯಲ್ಲಿ ಸತ್ತದ್ದು ಮೈಯೊಳಗೂ ಸಾಯಲೇಬೇಕೆಂದಿಲ್ಲ ಎಂದು ಪ್ರಯೋಗಾಲಯದ ಹಿರಿಯ ವಿಜ್ಞಾನಿ ಸಮಾಧಾನ ಹೇಳಿದರು. ಅವಳಿಗೂ ಗೊತ್ತಿದ್ದ ಮಾತೇ.

ಆದರೂ ಮರುದಿನ ಬೆಳಿಗ್ಗೆ ಅಮ್ಮನನ್ನೂ ಪಕ್ಕದ ಮನೆಯವರನ್ನೂ ಖಾಲಿ ಹೊಟ್ಟೆಯಲ್ಲಿ ಕರೆದೊಯ್ದು ಲಿವರಿನ ರಕ್ತಪರೀಕ್ಷೆ ಮಾಡಿಸಿದಳು. ವರದಿ ಸಂಜೆ ಬರುತ್ತದೆ ಎಂದು ರಕ್ತ ತೆಗೆದವರು ಹೇಳಿದರು.