ಗಂಟೆಗೂ ಗರಗಸಕ್ಕೂ ನಡುವೆ

ಮೊನ್ನೆ ಕಂಪೈಲರ್‌ಗಳ ಬಗ್ಗೆ ನಮ್ಮ ಪತ್ರಿಕೆಗೆ ಬಂದ ಲೇಖನವೊಂದನ್ನು ತಿದ್ದುತ್ತಿದ್ದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ತಂತ್ರಾಂಶ ಅದು. ಬರೆದದ್ದರಲ್ಲಿ ಬೇಡದ್ದು ಯಾವುದೆಂದು ಈಚೆಗೆ ಅದು ತಾನೇ ಕಲಿತು ಕಿತ್ತುಹಾಕುತ್ತದಂತೆ. ಆ ಸಾಲಿನ ಮೇಲೆ ನನ್ನ ಪೆನ್ನು ನಿಂತಿತು. ನಿಮಗೆ ಇದು ಒಣ ವಿಷಯ ಅನ್ನಿಸಬಹುದು. ಹಳಿಯಾಳದ ಒಂದು ಮರ ಕೊಯ್ಯುವ ಸಾಮಿಲ್ಲಿಗೆ ಹೋಗುವವರೆಗೆ ನನಗೂ ಹಾಗೇ ಅನ್ನಿಸಿತ್ತು.

ಅಲ್ಲಿ ಗರಗಸ ನಡೆಸುವವನು ಬಸಣ್ಣ. ಬೆಳಿಗ್ಗೆ ಗುಂಡಿ ಒತ್ತಿದರೆ ಮೊದಲು ಗಂಟೆ ಬಾರಿಸುತ್ತದೆ, ತುಸು ಹೊತ್ತಿಗೆ ಗರಗಸ ತಿರುಗುತ್ತದೆ. ಆ ಬಿಡುವಿನಲ್ಲಿ ಅವನು ಅಲಗಿಗೆ ಒಂದು ಚೆಂಡುಹೂವು ಮುಟ್ಟಿಸಿ ಹಣೆಗೊತ್ತಿಕೊಳ್ಳುತ್ತಿದ್ದ. ಗಂಟೆಗೆ ಮೊದಲೇ ಮಾಡಬಾರದೇ ಎಂದು ಕೇಳಿದ್ದೆ. ಮಲಗಿದ ದೇವರಿಗೆ ಯಾರೂ ಕೈ ಮುಗಿಯುವುದಿಲ್ಲ ಎಂದಿದ್ದ.

ಗರಗಸದ ನಿಯಂತ್ರಣ ಪೆಟ್ಟಿಗೆಗೆ ಪ್ರೋಗ್ರಾಂ ಬರೆದವನು ನನ್ನ ಗೆಳೆಯ, ದಾಂಡೇಲಿಯ ಪ್ರಕಾಶ. ಬಸಣ್ಣನ ಪೂಜೆಗೆಂದೇ ಅವನು ಯಂತ್ರಕ್ಕೆ ಸುಮ್ಮನೆ ಅಂಕಿ ಎಣಿಸುವ ಕೆಲಸ ಕೊಟ್ಟಿದ್ದ. ಎಣಿಕೆ ಮುಗಿಯುವವರೆಗೆ ಗರಗಸ ಕಾಯುತ್ತಿತ್ತು. ವರ್ಷಗಟ್ಟಲೆ ಕಾಯಿತು. ಆಮೇಲೆ ಪ್ರಕಾಶ ಹೊಸ ಕಂಪೈಲರ್ ತಂದು, ಅದೇ ಪ್ರೋಗ್ರಾಮನ್ನು ಒಂದಕ್ಷರವೂ ಬದಲಿಸದೆ ಅದರ ಮೂಲಕ ಹಾಯಿಸಿ ಪೆಟ್ಟಿಗೆಗೆ ತುಂಬಿದ. ಅವನ ಸ್ಕೂಟರಿನ ಹಿಂದೆ ಕೂತು ನಾನೂ ಹೋಗಿದ್ದೆ. ಕರೆಯದ ಕಡೆ ಹೋಗುವುದು ವರದಿಗಾರನ ಚಟ.

ಗಂಟೆ ಬಾರಿಸಿತು. ಬಸಣ್ಣ ಹೂವು ಹಿಡಿದು ಕೈ ಚಾಚಿದ. ಗರಗಸ ಆಗಲೇ ತಿರುಗುತ್ತಿತ್ತು. ಎಸಳುಗಳು ನನ್ನ ಅಂಗಿಯ ಮೇಲೆ ಬಂದು ಬಿದ್ದವು. ಬಸಣ್ಣ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡ. ಎಲ್ಲವೂ ಇದ್ದವು.

ಪ್ರಕಾಶ ಯಂತ್ರ ನಿಲ್ಲಿಸಿ ಲ್ಯಾಪ್‌ಟಾಪ್ ತೆರೆದ. ಕಾಯಬೇಕೆಂದು ಬರೆದ ಸಾಲುಗಳು ಪರದೆಯ ಮೇಲೆ ಹಾಗೇ ಇದ್ದವು. ಪೆಟ್ಟಿಗೆಯೊಳಗೆ ಮಾತ್ರ ಇರಲಿಲ್ಲ. ತಪ್ಪಾಗಿದೆ ಎಂಬ ಒಂದು ಸೂಚನೆಯೂ ಬಂದಿರಲಿಲ್ಲ.

“ಎಣಿಸೂದ್ರಿಂದ ಏನೂ ಹುಟ್ಟಂಗಿಲ್ರೀ ಬಸಣ್ಣ,” ಎಂದ, ಅವನ ಮುಖ ನೋಡದೆ. “ಹೊಸ ಕಂಪೈಲರ್ ಬ್ಯಾಡಾದ್ದು ಅಂತ ತಗದೈತಿ.”

ಬಸಣ್ಣ ಇನ್ನೂ ಕೈ ಸವರಿಕೊಳ್ಳುತ್ತಿದ್ದ.

“ನಾ ಕೈ ಮುಗಿಯೂದ್ರಿಂದನೂ ಏನೂ ಹುಟ್ಟಂಗಿಲ್ಲ ತಮ್ಮಾ. ಅದು ಅದಕ್ಕ ಹೆಂಗ ಗೊತ್ತಾತು?”

ಪ್ರಕಾಶ ಅಂದೇ ಎಣಿಕೆ ಬಿಟ್ಟು, ಗಡಿಯಾರ ನೋಡಿ ಕಾಯುವಂತೆ ಬರೆದುಕೊಟ್ಟ. ಅದನ್ನು ಕಂಪೈಲರ್ ಮುಟ್ಟುವುದಿಲ್ಲ ಎಂದ.

ನಿನ್ನೆ ಬೆಳಿಗ್ಗೆ ಹಳಿಯಾಳಕ್ಕೆ ಹೋಗಿದ್ದೆ. ಗಂಟೆ ಬಾರಿಸಿತು. ಬಸಣ್ಣ ಕೈ ಹಿಂದೆ ಕಟ್ಟಿ ಗೋಡೆಗೊರಗಿ ನಿಂತಿದ್ದ; ಅಂದಿನಿಂದ ಹೂವು ತರುವುದಿಲ್ಲವಂತೆ. ಗರಗಸ ಮಾತ್ರ ಯಾರೂ ಚಾಚದ ಕೈಗಾಗಿ ತನ್ನಷ್ಟಕ್ಕೆ ಕಾಯಿತು. ಅದು ತಿರುಗಿದ ಮೇಲೆ ನೋಡಿಕೊಂಡರೆ, ನಾನೂ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದೆ.