ಕುರೋಸೆಯ ಮಂದ್ರಸಾಧನೆ

ಮಂದ್ರ ಬರಲೆಂದು ಕಾದಿದ್ದ ಕುರೋಸೆಗೆ ಮಂದಿ ಎದುರಾದರು. ಡಬಲ್ ಬಾಸ್ ಎಂಬ ದೈತ್ಯ ಪಿಟೀಲಿನ ವಾದನ ಹಾಕಿ ಸದ್ದಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದೇ ತಡ, ಸ್ಪೀಕರ್ ಕೂರಿಸಿದ್ದ ಜಾರುಬಾಗಿಲು ನಡುಗಿ, ತೋಡಿನಿಂದ ಕಳಚಿ, ಆಚೆ ಕೋಣೆಯಲ್ಲಿ ಅಂಗಾತ ಬಿತ್ತು. ಅಲ್ಲಿ ಹೆಂಡತಿ ಮಿಸಾಕೊ ಮೂವರು ಹೆಂಗಸರಿಗೆ ಕೋತೊ ವಾದ್ಯ ಕಲಿಸುತ್ತಿದ್ದಳು. ಈಚೆ ಸೆಕೆಗೆ ಬರೀ ಚಡ್ಡಿಯಲ್ಲಿದ್ದ ಕುರೋಸೆ, ಸ್ಕ್ರೂಡ್ರೈವರ್‌ನಿಂದ ಮುಚ್ಚಬಹುದಾದಷ್ಟು ಮಾನ ಮುಚ್ಚಿಕೊಂಡು, ಹಣೆ ನೆಲಕ್ಕೆ ತಾಗುವಂತೆ ನಮಸ್ಕರಿಸಿದ.

ಹಮಾಮತ್ಸು ನಗರದ ನೀರು ಸರಬರಾಜು ಕಚೇರಿಯ ಗುಮಾಸ್ತ ಅವನು. ಹನ್ನೊಂದು ವರ್ಷದಿಂದ ಒಂದು ಜೊತೆ ಚಪ್ಪಟೆ ಸ್ಪೀಕರ್‌ಗಳೊಂದಿಗೆ ಏಗುತ್ತಿದ್ದ: ಆಳೆತ್ತರ, ಹಪ್ಪಳದ ದಪ್ಪ. ಪಿಟೀಲು ಅವುಗಳಲ್ಲಿ ಎದುರೇ ನುಡಿದಂತಿರುತ್ತದೆ; ಮಂದ್ರ ಮಾತ್ರ ಕೇಳಿಸದು: ಸದ್ದು ಹೊರಡಿಸುವ ತೆಳು ಹಾಳೆಯ ಹಿಂದಿನ ಅಲೆ ಅಂಚು ಬಳಸಿ ಬಂದು ಮುಂದಿನ ಅಲೆಯನ್ನು ನುಂಗಿಬಿಡುತ್ತದೆ. ಮರದ ಕಟ್ಟು ಬಿಗಿದ, ಹಾಳೆಗೆ ಮೇಣದ ಬೊಟ್ಟಿಟ್ಟ, ಅಗಲ ಸಾಲದೆಂದು ಕಡೆಗೆ ಬಾಗಿಲಿಗೇ ಕೂರಿಸಿದ. ಸ್ವರ ತಗ್ಗಲಿಲ್ಲ, ತಲೆ ತಗ್ಗಿತು.

"ಸಾಕು ರೀ," ಎಂದಳು ಮಿಸಾಕೊ, ಶಿಷ್ಯೆಯರು ಹೋದಮೇಲೆ. "ಭಾನುವಾರ ತೊಕುನಾಗಾ ಸಾನ್ ಬಂದು ಕೇಳ್ಲಿ. ಮಂದ್ರ ಇದೆ ಅಂದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಎರಡೂ ಕೋಣೆ ನನ್ನ ಕ್ಲಾಸಿಗೆ, ನಿಮ್ಮ ಹಪ್ಪಳ ಗುಜರಿಗೆ."

ತೊಕುನಾಗಾ ಪಿಯಾನೊಗಳಿಗೆ ಶ್ರುತಿ ಕೂಡಿಸುವ ಕೆಲಸದಿಂದ ನಿವೃತ್ತರಾದವರು. ಅವರ ಕಿವಿಯ ಮೇಲೆ ಇಬ್ಬರಿಗೂ ನಂಬಿಕೆ.

ಭಾನುವಾರ ಬೆಳಿಗ್ಗೆ ಕುರೋಸೆ ಎಂದಿನಂತೆ ಮಿಠಾಯಿ ಡಬ್ಬಿ ಹಿಡಿದು ಕೆಳಮನೆಯ ಹಿರಾಬಯಾಶಿ ಅಜ್ಜಿಯ ಮುಂದೆ ಬಾಗಿದ. "ಹತ್ತು ಗಂಟೆಗೆ ಸ್ವಲ್ಪ ಗಲಾಟೆ ಆಗತ್ತೆ. ಮೊದ್ಲೇ ಕ್ಷಮೆ ಕೇಳ್ತಿದೀನಿ."

"ಪ್ರತಿ ಸಲ ಹೀಗೇ ಅಂತೀರಿ. ಒಂದ್ಸಲಾನೂ ಕೇಳ್ಸಿಲ್ಲ, ನನ್ನ ತೂಕ ಮಾತ್ರ ಏರ್ತಿದೆ," ಎಂದಳು ಅಜ್ಜಿ. "ಆಗ್ಲಿ, ನಿಮ್ಮ ಗಲಾಟೇಲಿ ನಂದೂ ಒಂದು ಕೆಲ್ಸ ಮುಗಿಸ್ಕೊಳ್ತೀನಿ. ನೀವೂ ಕ್ಷಮಿಸ್ಬೇಕು."

ಹತ್ತಕ್ಕೆ ತೊಕುನಾಗಾ ಕಣ್ಣು ಮುಚ್ಚಿ ಕೂತರು. ಡಬಲ್ ಬಾಸ್ ಸೊಳ್ಳೆಯಂತೆ ಹಾಡತೊಡಗಿತು. ಮಿಸಾಕೊ ಆಗಲೇ ಟೇಪು ಹಿಡಿದು ಕೋಣೆಯ ಅಳತೆ ತೆಗೆಯುತ್ತಿದ್ದಳು. ಅಷ್ಟರಲ್ಲಿ ಆಳದಿಂದ ಗುಮ್ಮೆಂದು ಒಂದು ನಾದ ಎದ್ದಿತು. ಚಹಾದ ಬಟ್ಟಲುಗಳು ನಡುಗಿದವು.

"ಬಂತು," ಎಂದರು ತೊಕುನಾಗಾ. "ಹೊಟ್ಟೆಗೇ ತಾಗ್ತಿದೆ."

ಮಿಸಾಕೊ ಟೇಪು ಸುತ್ತಿಟ್ಟಳು. ಕುರೋಸೆ ಸ್ಪೀಕರಿನ ಮೇಲೆ ಕೈಯಿಟ್ಟ, ಆಮೇಲೆ ನೆಲದ ಮೇಲೆ. ಕೋಣೆ ಉಳಿಯಲು ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಆದರೆ ಹನ್ನೊಂದು ವರ್ಷದ ಸೋಲನ್ನು ಅವನಷ್ಟು ಚೆನ್ನಾಗಿ ಗುರುತಿಸುವವರು ಬೇರೆ ಇರಲಿಲ್ಲ.

"ಕುರೋಸೆ ಸಾನ್, ಹೇಗೆ ಸಾಧಿಸಿದ್ರಿ ಇದನ್ನ?" ಎಂದರು ತೊಕುನಾಗಾ.

"ನಾನಲ್ಲ. ಕೆಳಗಡೆ ಅಜ್ಜಿ ಬಟ್ಟೆ ಒಗೆಯೋ ಮಷೀನ್ ಹಾಕಿದಾರೆ. ಇನ್ನೈದು ನಿಮಿಷಕ್ಕೆ ನಿಂತೋಗತ್ತೆ."